ಒಂಬೈನೂರ ಅರವತ್ತು ಗಂಟೆ

ತಾಪತ್ರಯವೆಲ್ಲ ಶುರುವಾದದ್ದು ಪದವಿ ಪತ್ರದ ಕೆಳತುದಿಯಲ್ಲಿ ಇರುವೆ ಸಾಲಿನಷ್ಟು ಸಣ್ಣಕ್ಷರದಲ್ಲಿ ಅಚ್ಚಾಗಿದ್ದ ಎರಡು ಪದಗಳಿಂದ: ‘ದೂರಶಿಕ್ಷಣ ವಿಭಾಗ’.

ಬೀದಿಯವರೆಲ್ಲ ಸಿಸ್ಟರಕ್ಕ ಎಂದು ಕರೆಯುವ ಅವಳು ಆ ನರ್ಸಿಂಗ್ ಪದವಿ ಪಡೆದದ್ದು ಮನೆಯಲ್ಲೇ ಓದಿ. ಹಗಲು ಆಸ್ಪತ್ರೆಯಲ್ಲಿ ಸಹಾಯಕಿಯ ಕೆಲಸ, ಸಂಜೆ ಅಂಚೆಯಲ್ಲಿ ಬಂದ ಪಾಠದ ಕಟ್ಟು. ಪಕ್ಕದ ರಾಜ್ಯದವರು ಪರೀಕ್ಷೆ ಮಾಡಿ ಲೈಸೆನ್ಸ್ ಕೊಟ್ಟರು. ಹನ್ನೊಂದು ವರ್ಷ ಅಲ್ಲಿ ನರ್ಸ್ ಆಗಿ ದುಡಿದಳು. ಗಂಡನಿಗೆ ವರ್ಗವಾಗಿ ಗಡಿ ದಾಟಿದ್ದೇ ತಡ, ಲೈಸೆನ್ಸ್ ಬರೀ ಕಾಗದವಾಯಿತು. ಈಗ ಇಲ್ಲಿಯ ಆಸ್ಪತ್ರೆಯೊಂದರಲ್ಲಿ ಅವಳು ಹಾಸಿಗೆ ಬದಲಿಸುವ ಆಯಾ. ಅಲ್ಲೊಂದು ನರ್ಸ್ ಹುದ್ದೆ ಖಾಲಿಯಾಗಿತ್ತು. ಇವತ್ತು ಸಂಜೆಯೊಳಗೆ ಈ ರಾಜ್ಯದ ಲೈಸೆನ್ಸ್ ತಂದರೆ ಅವಳಿಗೆ, ಇಲ್ಲವಾದರೆ ಬೇರೆಯವರಿಗೆ.

ಬೆಳಿಗ್ಗೆ ನರ್ಸಿಂಗ್ ಕೌನ್ಸಿಲ್ ಕಚೇರಿಗೆ ಹೊರಟಾಗ ಮೇಲಿನ ಮನೆಯ ನಿವೃತ್ತ ಹೆಡ್‌ಮಾಸ್ತರು ಕೊಡೆ ಹಿಡಿದು ಮೆಟ್ಟಿಲಿಳಿದರು.

“ಒಬ್ಳೇ ಹೋಗ್ಬೇಡಮ್ಮ. ಸರ್ಕಾರಿ ಆಫೀಸಲ್ಲಿ ಮಾತಾಡೋಕೆ ಒಬ್ರು ಬೇಕು.”

“ಬೇಡ ಮೇಷ್ಟ್ರೇ, ಬರೀ ಒಂದು ಸೀಲು ಅಷ್ಟೆ.”

“ಸೀಲೇ ಕಷ್ಟ” ಎನ್ನುತ್ತ ಅವರು ಮುಂದೆ ನಡೆದರು.

ಕೌಂಟರಿನ ಗುಮಾಸ್ತ ಕಾಗದಗಳನ್ನು ಮಗುಚಿ ನೋಡಿದ. ಅಂಕಪಟ್ಟಿ ಸರಿ, ಹಳೆಯ ಲೈಸೆನ್ಸ್ ಸರಿ, ಫೋಟೋ ಸರಿ. ಅವನ ಕಣ್ಣು ಆ ಸಣ್ಣಕ್ಷರವನ್ನು ಗಮನಿಸದೆ ದಾಟಿತು. ಸೀಲನ್ನು ಮಸಿಗೆ ಒತ್ತಿ ಮೇಲೆತ್ತಿದ. ಅಷ್ಟು ಹೊತ್ತು ಮಾತಾಡಲು ಅವಕಾಶ ಸಿಗದೆ ಒದ್ದಾಡುತ್ತಿದ್ದ ಮೇಷ್ಟ್ರಿಗೆ ತಡೆಯಲಾಗಲಿಲ್ಲ.

“ಸಾಮಾನ್ಯ ಹೆಣ್ಣುಮಗಳಲ್ಲ ಸ್ವಾಮಿ ಇವಳು. ಕಾಲೇಜಿನ ಮೆಟ್ಲು ಹತ್ತದೆ, ಬರೀ ಪೋಸ್ಟಲ್ಲೇ ಓದಿ ಡಿಗ್ರಿ ತಗೊಂಡಿದಾಳೆ.”

ಕೂರಲೋ ಹಾರಲೋ ಎನ್ನುವ ಕಾಗೆಯ ಹಾಗೆ ಸೀಲು ಗಾಳಿಯಲ್ಲೇ ನಿಂತಿತು.

“ಪೋಸ್ಟಲ್ಲಾ?” ಗುಮಾಸ್ತ ಸೀಲನ್ನು ಡಬ್ಬಿಗೆ ಸೇರಿಸಿದ. “ಪೋಸ್ಟಲ್ಲಿ ಇಂಜೆಕ್ಷನ್ ಕೊಡೋದು ಕಲೀತಾರೇನ್ರಿ?”

“ಅದು ಕಲ್ತಿದ್ದು ಆಸ್ಪತ್ರೇಲಿ ಸಾರ್. ಹನ್ನೊಂದು ವರ್ಷ ಕೊಟ್ಟಿದೀನಿ.”

“ಅದು ಆ ರಾಜ್ಯದವರಿಗೆ.”

“ನರ ಇರೋ ಜಾಗ ಒಂದೇ ಅಲ್ವಾ ಸಾರ್?”

ಗುಮಾಸ್ತ ನರದ ತಂಟೆಗೆ ಹೋಗಲಿಲ್ಲ. ನಿಯಮದ ಪುಸ್ತಕ ತೆರೆದ. ದೂರಶಿಕ್ಷಣದವರು ರೋಗಿಯ ಪಕ್ಕದಲ್ಲಿ ನಿಂತು ಒಂಬೈನೂರ ಅರವತ್ತು ಗಂಟೆ ಕೆಲಸ ಮಾಡಿರಬೇಕು. ಅದನ್ನು ಈ ರಾಜ್ಯದ ಲೈಸೆನ್ಸ್ ಇರುವ ನರ್ಸೊಬ್ಬರು ಕಣ್ಣಾರೆ ಕಂಡು ಕೌನ್ಸಿಲ್ಲಿನ ಫಾರಂನಲ್ಲಿ ಬರೆದುಕೊಡಬೇಕು. ಕೌಂಟರು ಮುಚ್ಚುವುದು ನಾಲ್ಕಕ್ಕೆ.

ಇಬ್ಬರೂ ಎರಡು ಬಸ್ಸು ಬದಲಿಸಿ ಆಸ್ಪತ್ರೆಗೆ ಓಡಿದರು. ವಾರ್ಡಿನ ಹೆಡ್ ನರ್ಸ್ ಒಳ್ಳೆಯ ಹೆಂಗಸು. ಯಾರಿಗಾದರೂ ನರ ಸಿಗದೆ ಪರದಾಡುವಾಗ ಗುಟ್ಟಾಗಿ ಇವಳನ್ನೇ ಕರೆಯುತ್ತಿದ್ದವಳು. ಆದರೆ ಪೆನ್ನು ಮುಟ್ಟಲಿಲ್ಲ.

“ನೀನು ಮಾಡಿದ್ದು ನೋಡಿದೀನಿ ಅಂತ ಬರೆದ್ರೆ, ಲೈಸೆನ್ಸ್ ಇಲ್ದವಳ ಕೈಲಿ ಮಾಡಿಸಿದ್ಯಾಕೆ ಅಂತ ನನ್ನನ್ನೇ ಕೇಳ್ತಾರೆ. ನೋಡಿಲ್ಲ ಅಂತ ಬೇಕಾದ್ರೆ ಬರೆದುಕೊಡ್ತೀನಿ ಕಣೆ.”

“ಅದಾದ್ರೂ ಇರ್ಲಿ, ತಗೊಳಮ್ಮ” ಎಂದರು ಮೇಷ್ಟ್ರು. ಸಿಸ್ಟರಕ್ಕ ಅವರ ತೋಳು ಹಿಡಿದು ಹೊರಗೆ ಕರೆತಂದಳು.

ಮೂರೂವರೆಗೆ ಮತ್ತೆ ಅದೇ ಕೌಂಟರು. ಸದ್ಯಕ್ಕೆ ಸೀಲು ಒತ್ತಿ, ಗಂಟೆಗಳ ಫಾರಂ ಆಮೇಲೆ ತಂದುಕೊಡ್ತೀನಿ ಎಂದು ಅವಳು ಕೇಳುತ್ತಿರುವಾಗಲೇ ಒಳಕೋಣೆಯಲ್ಲಿ ಕುರ್ಚಿ ಉರುಳಿದ ಸದ್ದಾಯಿತು. ರಿಜಿಸ್ಟ್ರಾರ್ ಸಾಹೇಬರು ನೆಲದ ಮೇಲೆ ಬಿದ್ದಿದ್ದರು. ಕಣ್ಣು ಮುಚ್ಚಿತ್ತು, ಅಂಗಿ ಬೆವರಿನಿಂದ ತೊಯ್ದಿತ್ತು.

“ಆಂಬುಲೆನ್ಸಿಗೆ ಫೋನ್ ಮಾಡಿ” ಎಂದು ಅವಳು ಗುಮಾಸ್ತನಿಗೆ ಹೇಳಿದಳು. “ಇವರಿಗೆ ಶುಗರ್ ಇದೆಯಾ?”

“ಇದೆ. ಮಾತ್ರೆ ತಗೊಂಡ್ರು, ಮೀಟಿಂಗ್ ಅಂತ ಊಟ ಬಿಟ್ರು.”

ಮೇಷ್ಟ್ರು ಆಗಲೇ ಬಾಯಿಗೆ ನೀರು ಹುಯ್ಯಲು ಬಗ್ಗಿದ್ದರು. ಲೋಟ ಕಿತ್ತುಕೊಂಡಳು. ಸಾಹೇಬರನ್ನು ಪಕ್ಕಕ್ಕೆ ಹೊರಳಿಸಿ, ಟೀ ಮೇಜಿನ ಸಕ್ಕರೆಗೆ ನೀರು ಹನಿಸಿ, ಬೆರಳಿನಿಂದ ವಸಡಿಗೆ ಚೂರುಚೂರೇ ಉಜ್ಜಿದಳು. ಇನ್ನೊಂದು ಕೈ ನಾಡಿಯ ಮೇಲಿತ್ತು. ಕೊನೆಗೆ ಸಾಹೇಬರು ಕಣ್ಣು ಬಿಟ್ಟರು. ಎಬ್ಬಿಸಿ ಒರಗಿಸಿ ಸಕ್ಕರೆ ನೀರು ಕುಡಿಸಿದಳು.

“ಯಾರಮ್ಮ ನೀವು?”

ಮೇಷ್ಟ್ರು ಎಲ್ಲ ಹೇಳಿದರು. ಈ ಸಲ ಅವಳು ತಡೆಯಲಿಲ್ಲ. ಸಾಹೇಬರೂ ಈ ಕುರ್ಚಿಗೆ ಬರುವ ಮೊದಲು ಇಪ್ಪತ್ತು ವರ್ಷ ನರ್ಸ್ ಆಗಿದ್ದವರೇ.

“ಕೊಡಿ ಆ ಫಾರಂ. ನನ್ನ ಲೈಸೆನ್ಸ್ ಇನ್ನೂ ಇದೆ. ಕಣ್ಣಾರೆ ಕಂಡಿದೀನಿ, ಬರೀತೀನಿ.”

ಒರಗಿದಲ್ಲೇ ಬರೆದು ಸಹಿ ಹಾಕಿದರು. ಸಿಸ್ಟರಕ್ಕ ಫಾರಂ ಹಿಡಿದು ಕೌಂಟರಿಗೆ ಬಂದಳು. ಗುಮಾಸ್ತ ಓದಿದ, ಸೀಲೆತ್ತಿದ, ಒತ್ತಿದ. ಮೇಷ್ಟ್ರು ಚಪ್ಪಾಳೆ ತಟ್ಟಿದರು.

“ಇಪ್ಪತ್ತು ನಿಮಿಷ ಆಯ್ತು” ಎಂದ ಗುಮಾಸ್ತ. “ಇನ್ನು ಒಂಬೈನೂರ ಐವತ್ತೊಂಬತ್ತು ಗಂಟೆ ನಲವತ್ತು ನಿಮಿಷ ತನ್ನಿ.”

ಅವಳು ಬಾಯಿ ತೆರೆಯುವಷ್ಟರಲ್ಲಿ ಅವನು ಫಾರಂ ವಾಪಸ್ಸು ಎಳೆದುಕೊಂಡು ಏನೋ ಹೊಡೆದುಹಾಕಿದ.

“ತಪ್ಪಾಯ್ತು. ಮೊದಲ ಹನ್ನೆರಡು ನಿಮಿಷ ಸಾಹೇಬರ ಕಣ್ಣು ಮುಚ್ಚಿತ್ತು. ಕಣ್ಣಾರೆ ಕಂಡಿದ್ದು ಎಂಟೇ.”

ನಾಲ್ಕಾಯಿತು. ಅವನು ಕೌಂಟರಿನ ಬಾಗಿಲು ಎಳೆದ. ಆಂಬುಲೆನ್ಸ್ ಇನ್ನೂ ಬಂದಿರಲಿಲ್ಲ. ಒಳಗಿನಿಂದ ಸಾಹೇಬರ ದನಿ ಕ್ಷೀಣವಾಗಿ ಕೇಳಿತು: “ಸಿಸ್ಟರ್, ಮತ್ತೆ ತಲೆ ತಿರುಗ್ತಿದೆ.”

ಸಿಸ್ಟರಕ್ಕ ಚೀಲವನ್ನು ಮೇಷ್ಟ್ರ ಕೈಗೆ ಕೊಟ್ಟು ಒಳಗೆ ಹೋದಳು. ಸಾಹೇಬರ ಪಕ್ಕದಲ್ಲಿ ಮಂಡಿಯೂರಿ ನಾಡಿ ಹಿಡಿದಳು.

“ಸಾರ್” ಎಂದಳು, “ಈ ಸಲ ಏನೇ ಆಗ್ಲಿ, ಕಣ್ಣು ಮಾತ್ರ ಮುಚ್ಬೇಡಿ.”