ಕಚ್ಚುವ ನಲ್ಲಿ

ಬೆಳಿಗ್ಗೆ ಏಳು ಗಂಟೆಗೆ ಬಚ್ಚಲುಮನೆಯ ನಲ್ಲಿ ಮಗಳ ಕೈ ಕಚ್ಚಿತು.

"ಅಪ್ಪಾ, ನಲ್ಲಿ ಕಚ್ತು," ಎಂದು ಆರು ವರ್ಷದ ಹುಡುಗಿ ಬಾಯಲ್ಲಿ ಬ್ರಷ್ಷಿಟ್ಟುಕೊಂಡೇ ಅಳುತ್ತ ಬಂದಳು. ನಂಬದ ಅಪ್ಪ ತಾನೇ ಹೋಗಿ ಮುಟ್ಟಿದ. ಮುಟ್ಟಿದವನು ಒಂದು ಮಾರು ಹಿಂದಕ್ಕೆ ಹಾರಿ ಬಕೆಟ್ಟಿನೊಳಗೆ ಕೂತ. ವಾಚು ರಿಪೇರಿ ಮಾಡುವ ಅವನನ್ನು ಅಕ್ಕಪಕ್ಕದವರು ಸ್ಪ್ರಿಂಗಣ್ಣ ಎನ್ನುತ್ತಿದ್ದುದು ಅವನ ಸಿಟ್ಟು ನೋಡಿ; ಇವತ್ತು ಮೈಯೂ ಆ ಹೆಸರು ಉಳಿಸಿಕೊಂಡಿತು.

ಒಂದೇ ಹಳೆಯ ಮನೆಯನ್ನು ನಾಲ್ಕು ಪಾಲು ಮಾಡಿದ್ದರು. ಎಲ್ಲರ ತಂತಿಯೂ ಒಂದೇ ಜಡೆ, ಬಾಚಿ ಎಷ್ಟೋ ವರ್ಷವಾದ ಜಡೆ. ಸ್ಪ್ರಿಂಗಣ್ಣ ಒದ್ದೆ ಲುಂಗಿಯಲ್ಲೇ ಅಂಗಳಕ್ಕೆ ನುಗ್ಗಿದ.

"ಏನಪ್ಪಾ, ಬೆಳಿಗ್ಗೆ ಬೆಳಿಗ್ಗೆನೇ ಕುಣೀತಿದ್ದೀಯ?" ತಲೆಗೆ ಟವೆಲ್ ಸುತ್ತಿಕೊಂಡ ಮಹಡಿ ಅಜ್ಜಿ ಮೇಲಿಂದ ಬಗ್ಗಿದರು.

"ನಲ್ಲೀಲಿ ಕರೆಂಟ್ ಬರ್ತಿದೆ ಅಜ್ಜಿ."

"ನನಗೇನೂ ಬರಲ್ವಲ್ಲ. ಈಗ ತಾನೆ ಗೀಸರ್ ಹಾಕಿ ಸ್ನಾನ ಮಾಡಿದೆ. ನನ್ನದು ಪ್ಲಾಸ್ಟಿಕ್ ನಲ್ಲಿ ನೋಡು, ಅದಕ್ಕೆ ಕೆಟ್ಟ ಬುದ್ಧಿ ಇಲ್ಲ."

ಪಕ್ಕದ ಮನೆಯ ಕಂಪೌಂಡರ್ ನಕ್ಕ. "ಸ್ವಲ್ಪ ಕರೆಂಟು ನರಕ್ಕೆ ಒಳ್ಳೇದು ಕಣಯ್ಯ. ನಾನಂತೂ ಮದುವೆ ಆದಾಗಿಂದ ರಬ್ಬರ್ ಚಪ್ಪಲಿ ಹಾಕ್ಕೊಂಡೇ ಸ್ನಾನ ಮಾಡೋದು."

ಮನೆ ಮಾಲೀಕ ಪೇಪರಿನಿಂದ ತಲೆ ಎತ್ತಲಿಲ್ಲ. "ನಮ್ಮಪ್ಪ ನಿಂತು ಹಾಕಿಸಿದ ವೈರಿಂಗು. ಇಷ್ಟು ವರ್ಷದಲ್ಲಿ ಯಾರಾದ್ರೂ ಸತ್ತಿದಾರಾ?"

"ಸತ್ತ ಮೇಲೆ ಬಂದು ಹೇಳ್ಬೇಕಾ?"

"ಬಂದು ಹೇಳಿದ್ರೆ ನೋಡೋಣ."

ಸ್ಪ್ರಿಂಗಣ್ಣನ ಕಿವಿ ಕೆಂಪಾಯಿತು. ಇಡೀ ಮನೆಯ ಪರವಾಗಿ ಒಂದು ದೂರು ಬರೆದು ಸಹಿಗೆ ಹೊರಟ. ಅಜ್ಜಿಗೆ ಕನ್ನಡಕ ಸಿಗಲಿಲ್ಲ. ಕಂಪೌಂಡರ್‌ಗೆ ಪೆನ್ನು ಹಿಡಿದ ಕ್ಷಣವೇ ಕೈ ಉಳುಕಿತು. ಮಾಲೀಕ ಆ ಹಾಳೆಯಿಂದ ಗಾಳಿ ಬೀಸಿಕೊಂಡ. ಸ್ಪ್ರಿಂಗಣ್ಣ ಅದನ್ನು ಕಸಿದು, ಹರಿದು, ತನ್ನ ಮನೆಗಷ್ಟೇ ಬೇರೆ ಬರೆದ.

ವಿದ್ಯುತ್ ಕಚೇರಿಯ ಗುಮಾಸ್ತೆ ಒಳ್ಳೆಯ ಹೆಂಗಸು. "ಇಡೀ ಕಟ್ಟಡ ಅಂತ ಹಾಕಿ ಸಾರ್. ತಂತಿ ಎಲ್ಲಾ ಒಂದೇ ಅಲ್ವಾ?"

"ನನ್ನ ಮನೆ ಅಂತ ಮಾತ್ರ ಬರ್ಕೊಳ್ಳಿ. ಅವರೆಲ್ಲ ಸುಟ್ಟು ಬೂದಿಯಾಗ್ಲಿ."

ಗುಮಾಸ್ತೆ ಹಾಗೆಯೇ ಬರೆದುಕೊಂಡಳು. ಬೂದಿಯ ವಿಷಯ ಬಿಟ್ಟು.

ಮಧ್ಯಾಹ್ನವೇ ಇನ್ಸ್‌ಪೆಕ್ಟರ್ ಬಂದ. ಸ್ವಿಚ್‌ಬೋರ್ಡಿನ ಮುಚ್ಚಳ ತೆಗೆದಾಗ ಒಳಗಿನಿಂದ ಕಪ್ಪು ಪುಡಿ, ಒಣಗಿದ ಹಲ್ಲಿ ಮತ್ತು ತಂತಿಗೆ ಸುತ್ತಿದ್ದ ಬಟ್ಟೆಯ ಚಿಂದಿ ಉದುರಿದವು. ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಇಷ್ಟು ದಿನ ಹೇಗ್ರೀ ಬದುಕಿದ್ರಿ?"

"ಕೇಳಿಸ್ತಾ?" ಸ್ಪ್ರಿಂಗಣ್ಣ ಬಾಗಿಲಲ್ಲಿ ಸೇರಿದ್ದವರತ್ತ ಎದೆಯುಬ್ಬಿಸಿ ತಿರುಗಿದ. ಅಷ್ಟರಲ್ಲಿ ಇನ್ಸ್‌ಪೆಕ್ಟರ್ ಅವನ ಮನೆಯ ಫ್ಯೂಸ್ ಕಿತ್ತು ಜೇಬಿಗೆ ಹಾಕಿ, ಮೀಟರಿಗೆ ಸೀಲು ಒತ್ತಿದ.

"ಹೊಸ ವೈರಿಂಗ್ ಆಗೋವರೆಗೂ ಈ ಮನೆಗೆ ಕರೆಂಟಿಲ್ಲ."

"ಮತ್ತೆ ಅವರದ್ದು?"

"ಅವರದ್ದು ದೂರಿಲ್ಲ."

"ತಂತಿ ಒಂದೇ ಅಲ್ವಾ ಸ್ವಾಮಿ?"

"ದೂರು ಒಂದೇ ಮನೇದು." ಇನ್ಸ್‌ಪೆಕ್ಟರ್ ಹಾಳೆ ತೋರಿಸಿದ. ಸ್ಪ್ರಿಂಗಣ್ಣನದೇ ಅಕ್ಷರ, 'ನನ್ನ ಮನೆ ಮಾತ್ರ' ಎಂಬುದರ ಅಡಿಗೆರೆ ಕೂಡ ಅವನೇ ಎಳೆದದ್ದು.

"ಹೊಸ ವೈರಿಂಗ್ ಹಾಕಿಸ್ತೀನಿ, ನಿಧಾನವಾಗಿ," ಎಂದ ಮಾಲೀಕ. "ಕತ್ತಲೆಗೇನೂ ಅವಸರ ಇಲ್ವಲ್ಲ."

ಸಂಜೆ ಮೂರು ಮನೆಗಳ ಕಿಟಕಿ ಬೆಳಗಿದವು. ನಾಲ್ಕನೆಯದರಲ್ಲಿ ಸ್ಪ್ರಿಂಗಣ್ಣ ಹಲ್ಲು ಕಡಿಯುತ್ತ ಮೇಣದಬತ್ತಿ ಹಚ್ಚಿದ. ಹೋಗಲಿ, ಮಗಳಂತೂ ಉಳಿದಳು. ಬತ್ತಿ ಹಿಡಿದು ಅವಳನ್ನು ಬಚ್ಚಲುಮನೆಗೆ ಕರೆದ.

"ಬಾ ಪುಟ್ಟಿ. ಇನ್ನು ನಮ್ಮನೇಲಿ ಕರೆಂಟೇ ಇಲ್ಲ. ಹೆದರಬೇಡ, ಕೈ ತೊಳ್ಕೊ."

ಮಗಳು ಅಮ್ಮನ ರಬ್ಬರ್ ಚಪ್ಪಲಿ ಮೆಟ್ಟಿ ಹೊಸ್ತಿಲಲ್ಲೇ ನಿಂತಳು. "ನೀನು ಮೊದ್ಲು ಮುಟ್ಟು."

ಸ್ಪ್ರಿಂಗಣ್ಣ ದಿನವಿಡೀ ಸೋತ ಸಿಟ್ಟನ್ನೆಲ್ಲ ಸೇರಿಸಿ ಅಂಗೈ ತುಂಬ ನಲ್ಲಿ ಹಿಡಿದ.

ಮರುಕ್ಷಣ ಅವನು ಬಕೆಟ್ಟಿನಲ್ಲಿದ್ದ. ಮೇಣದಬತ್ತಿ ಆರಿತ್ತು.

"ಸ್ಪ್ರಿಂಗಣ್ಣಾ," ಮೇಲಿಂದ ಅಜ್ಜಿಯ ದನಿ ಇಳಿಯಿತು, "ಪಾಪ, ಮಗುಗೆ ತಣ್ಣೀರಾಗುತ್ತಲ್ಲ ಅಂತ ಈಗ ತಾನೆ ಗೀಸರ್ ಹಾಕಿದೆ. ಒಂದು ಬಕೆಟ್ ಬಿಸಿನೀರು ಕಳಿಸ್ಲಾ?"

ಬಕೆಟ್ಟಿನಲ್ಲಿ ಕೂತವನು ಅಜ್ಜಿಯ ಗೀಸರಿನಿಂದ ತನ್ನ ನಲ್ಲಿಯವರೆಗೆ ಗೋಡೆಯುದ್ದಕ್ಕೂ ಇಳಿದಿದ್ದ ಕಬ್ಬಿಣದ ಪೈಪನ್ನು ಕತ್ತಲೆಯಲ್ಲಿ ಮೊದಲ ಸಲ ಸ್ಪಷ್ಟವಾಗಿ ಕಂಡ.

ಏನೋ ಅವನ ಕಾಲಿಗೆ ತಾಗಿತು. ಮಗಳು ಒಂದು ಚಪ್ಪಲಿಯನ್ನು ಅವನತ್ತ ತಳ್ಳಿದ್ದಳು.

"ಅಪ್ಪಾ, ಒಂದು ನೀನು ಹಾಕ್ಕೋ."