ಅತ್ತೆ ಕೂಗಿದ ‘ಈಗ’

ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ, ನೀವೂ ನಂಬಬೇಡಿ. ಆ ಸಂಜೆ ಅತ್ತೆ ಉಟ್ಟಿದ್ದು ಹಸಿರು ಸೀರೆಯೋ ನೀಲಿಯೋ, ಹೇಳಲಾರೆ. ಅವರು ‘ಈಗ!’ ಎಂದು ಕೂಗಿದ್ದು ಮಾತ್ರ ಖಂಡಿತ.

ಲಷ್ಕರ್ ಮೊಹಲ್ಲಾದ ನಮ್ಮ ವಠಾರದಲ್ಲಿ ಕರೆಂಟು ಒಲೆ ತಂದವಳು ನಾನೊಬ್ಬಳೇ. ಸೌದೆ ಊದುತ್ತ ಕೂತರೆ ಎಂ.ಎಸ್‌ಸಿ. ತರಗತಿ ತಪ್ಪುತ್ತಿತ್ತು; ಒಲೆ ಹೋದರೆ ಓದೂ ಹೋದಂತೆಯೇ. “ಅದ್ರಲ್ಲಿ ತಿರುವಿದ್ದೂ ಒಂದು ಮುದ್ದೆ ಏನವ್ವ?” ಎಂದು ಅತ್ತೆ ಮೊದಲ ದಿನವೇ ಮುಖ ತಿರುಗಿಸಿದ್ದರು. ಅಷ್ಟರಲ್ಲಿ ವಠಾರದ ದೀಪಗಳೆಲ್ಲ ಗಳಿಗೆಗೊಮ್ಮೆ ಮಂಕಾಗತೊಡಗಿದವು. ಮನೆ ಮಾಲೀಕರಾದ ಅಂತೋಣಪ್ಪನವರು ಬಂದೇಬಿಟ್ಟರು. “ನಿಮ್ಮ ಒಲೆ ನಮ್ ವೈರನ್ನೆಲ್ಲ ಸುಟ್ಟಾಕ್ಬುಟ್ಟಿದೆ ಕಣಮ್ಮ. ಆರಿಸಿದ್ರೂ ದೀಪ ಕುಣೀತವೆ. ಒಲೆ ತೆಗೀರಿ, ಇಲ್ಲಾಂದ್ರೆ ಮನೆ ಬಿಡಿ.”

ಆ ವಾರವಷ್ಟೇ ತರಗತಿಯಲ್ಲಿ ನಕ್ಷತ್ರದ ಗಾತ್ರ ಅಳೆಯುವ ಹೊಸ ವಿಧಾನವೊಂದನ್ನು ಕೇಳಿದ್ದೆ. ಬೇರೆ ಬೇರೆ ಕಡೆ ಇಟ್ಟ ಎರಡು ಕನ್ನಡಿ ಒಂದೇ ನಕ್ಷತ್ರವನ್ನು ನೋಡುತ್ತವೆ. ಬೆಳಕಿನ ಅತಿ ಸಣ್ಣ ಏರಿಳಿತಗಳು ಎರಡರಲ್ಲೂ ಒಟ್ಟಿಗೇ ಆಗುತ್ತವೆಯೇ ಎಂದು ನಡುವಿನ ಯಂತ್ರ ಹೋಲಿಸುತ್ತದೆ. ಕನ್ನಡಿಗಳನ್ನು ದೂರ ಸರಿಸಿದಂತೆ ಹೊಂದಿಕೆ ಕಡಿಮೆಯಾಗುತ್ತದೆ. ಎಷ್ಟು ದೂರಕ್ಕೆ ಎಷ್ಟು ಕಡಿಮೆ ಎಂಬುದರಿಂದ ಗಾತ್ರ ಗೊತ್ತಾಗುತ್ತದೆ. ನಕ್ಷತ್ರವನ್ನೇ ಅಳೆಯಬಹುದಾದರೆ ನಮ್ಮ ತೊಂದರೆಯನ್ನು ಅಳೆಯಬಾರದೇ? ಅದು ವಠಾರದಷ್ಟು ದೊಡ್ಡದೋ, ಬೀದಿಯಷ್ಟೋ?

ದೀಪ ಹಚ್ಚುವ ಹೊತ್ತಿಗೆ ನಾನು ನಮ್ಮ ಬಲ್ಬಿನ ಕೆಳಗೆ ನಿಂತೆ. ಬೀದಿಯಾಚೆಯ ಮನೆಗೆ ಕಂಬದಿಂದ ಬೇರೆಯೇ ತಂತಿ; ಅಲ್ಲೂ ಅದೇ ಗಳಿಗೆಗೆ ಮಂಕಾದರೆ ತಪ್ಪು ನಮ್ಮ ಒಲೆಯದಲ್ಲ, ಬೀದಿ ಲೈನಿನದು. ಅಲ್ಲಿಗೆ ಕಳಿಸಲು ಒಲೆಯ ಶತ್ರುವಾದ ಅತ್ತೆಯನ್ನು ಬಿಟ್ಟರೆ ಯಾರೂ ಸಿಗಲಿಲ್ಲ. ದೀಪ ಮಂಕಾದ ಕೂಡಲೇ ಇಬ್ಬರೂ “ಈಗ!” ಎನ್ನಬೇಕು. ನಡುವೆ ಗೇಟಿನಲ್ಲಿ, ಯಂತ್ರದ ಜಾಗದಲ್ಲಿ, ಅಂತೋಣಪ್ಪನವರು.

ಬಲ್ಬು ಮಂಕಾಯಿತು. “ಈಗ!” ಎಂದೆ. ಒಂದು ಉಸಿರಿನಷ್ಟು ತಡವಾಗಿ ಆಚೆ ಕಡೆಯಿಂದ ಅತ್ತೆಯ “ಈಗ!” ಮತ್ತೆ ಮಂಕು, ಮತ್ತೆ ಎರಡು ಕೂಗು. ಒಂದೂ ತಪ್ಪಲಿಲ್ಲ.

“ಬೀದಿ ಲೈನೇ ಸರಿಯಿಲ್ಲ ಬುಡಿ,” ಎಂದರು ಅಂತೋಣಪ್ಪನವರು. “ನಿಮ್ಮತ್ತೆ ಆ ಒಲೆ ಪರವಾಗಿ ಸುಳ್ಳು ಹೇಳೋರಲ್ಲ.”

ಒಲೆ ಉಳಿಯಿತು, ಓದೂ ಉಳಿಯಿತು. ವಿಜ್ಞಾನ ಗೆದ್ದಿತೆಂದು ಬೀಗುತ್ತ ಮಾರನೆಯ ದಿನ ಕಾಲೇಜಿಗೆ ಹೊರಟಿದ್ದೆ. ಆಚೆ ಮನೆಯಾಕೆ ತಡೆದು ನಿಲ್ಲಿಸಿದರು. “ಏನ್ರೀ, ನಿಮ್ಮತ್ತೆಗೆ ಕೋಪವಾ? ಒಳಗೆ ಬನ್ನಿ ಅಂದ್ರೂ ಬರ್ಲಿಲ್ಲ. ನಮ್ಮ ದೀಪಕ್ಕೆ ಬೆನ್ನು ಹಾಕ್ಕೊಂಡು, ನಿಮ್ಮನೆ ಕಡೇನೇ ನೋಡ್ತಾ ನಿಂತಿದ್ರಲ್ಲ!”

ಎರಡನೆಯ ಕನ್ನಡಿ ಮೊದಲನೆಯದರ ಪಕ್ಷ ವಹಿಸಿದರೆ ಏನು ಮಾಡಬೇಕೆಂದು ನಮ್ಮ ಮೇಷ್ಟ್ರು ಹೇಳಿಕೊಟ್ಟಿರಲಿಲ್ಲ. ಮನೆಗೆ ಬಂದಾಗ ಅತ್ತೆ ಅದೇ ಒಲೆಯ ಮುಂದೆ ಕೂತು ಮುದ್ದೆ ತಿರುವುತ್ತಿದ್ದರು. ನಾನು ಕೇಳಿದ್ದು ಇಷ್ಟೇ: “ಅತ್ತೇ, ನಿನ್ನೆ ನೀವು ದೀಪ ನೋಡಿ ಕೂಗಿದ್ರಾ, ನನ್ನ ಕೂಗು ಕೇಳಿ ಕೂಗಿದ್ರಾ?”