ಟಿಕೆಟ್ ಕೊಂಡು ಕೇಳದೆ ಬಂದ ಹಾಡುಗಳು

ನನಗೆ ಇಷ್ಟವಾದ ಬ್ಯಾಂಡು ಮೊಬೈಲಿನೊಳಗೆ ಇರುವ ತನಕ ಸುಖವಾಗಿರುತ್ತದೆ. ನಾನು ಟಿಕೆಟ್ ತೆಗೆದ ದಿನವೇ ಅದರ ಗ್ರಹಚಾರ ಕೆಡುತ್ತದೆ. ಒಂದು ಸಲ ಆಗಿದ್ದರೆ ಹೋಗಲಿ ಎಂದು ಸುಮ್ಮನಿರುತ್ತಿದ್ದೆ. ನೆರೂಳ, ಡೊಂಬಿವಲಿ, ಠಾಣೆ, ಕಲ್ಯಾಣ ಎಂದು ಊರು ಬದಲಿಸಿ ನೋಡಿದರೂ ಅದೇ ಕಥೆ. ನನ್ನ ಹೆಂಡತಿಯಂತೂ ಜೊತೆಗೆ ಬರುವುದೇ ಇಲ್ಲ. "ನೀವು ಹೋಗ್ಬನ್ನಿ. ಏನೇನು ಕೇಳಿಸ್ಲಿಲ್ಲ ಅಂತ ಬಂದು ಹೇಳಿ, ಸಾಕು," ಎನ್ನುತ್ತಾಳೆ.

ನಾನು ಮೈಸೂರಿನವನು. ನವಿ ಮುಂಬಯಿಯ ಒಂದು ಫೈನಾನ್ಸ್ ಕಂಪನಿಯಲ್ಲಿ ಕೆಲಸ, ಡೊಂಬಿವಲಿಯಲ್ಲಿ ಮನೆ. ಹೋಗುವಾಗ ಬರುವಾಗ ಲೋಕಲ್‌ನಲ್ಲಿ ಒಂಟಿಕಾಲಲ್ಲಿ ನಿಂತು ಇಯರ್‌ಫೋನಿನಲ್ಲಿ ಹಾಡು ಕೇಳುವುದೊಂದೇ ನನ್ನ ವಿಲಾಸ. ಮಗಳು ಇಲ್ಲೇ ಹುಟ್ಟಿದವಳು, ಕಾಲೇಜಿಗೆ ಹೋಗುತ್ತಾಳೆ. ಕನ್ನಡ ಎಲ್ಲ ಅರ್ಥವಾಗುತ್ತದೆ, ಬಾಯಿಂದ ಮಾತ್ರ ಬರುವುದಿಲ್ಲ. ನಾನು "ಊಟ ಆಯ್ತೇನೇ" ಎಂದರೆ "ಹೋ ಬಾಬಾ, ಝಾಲಂ" ಎನ್ನುತ್ತಾಳೆ. ನಾನು ಕನ್ನಡದಲ್ಲಿ ಬೈದರೆ ಮರಾಠಿಯಲ್ಲಿ ಎದುರುತ್ತರ ಕೊಡುತ್ತಾಳೆ. ಇದು ನನಗೆ ಒಳಗೊಳಗೇ ದೊಡ್ಡ ಸಂಕಟ. ನಾನು ಹೇಳಿದರೂ ಕಲಿಯದ್ದನ್ನು ಒಂದು ಒಳ್ಳೆಯ ಬ್ಯಾಂಡ್ ಕಲಿಸೀತು, ಎದುರಿಗೆ ಕೂತು ಹಾಡು ಕೇಳಿದರೆ ಅವಳ ಬಾಯಲ್ಲಿ ನಾಲ್ಕು ಕನ್ನಡ ಮಾತು ಬಂದೀತು ಎಂಬ ಆಸೆ ನನಗೆ. ಆ ಆಸೆಗೆ ಬ್ಯಾಂಡಿನವರೂ, ಅವರನ್ನು ಕರೆಸಿದವರೂ, ಕೇಳಲು ಬಂದವರೂ ಸೇರಿ ಹೇಗೆ ಕಲ್ಲು ಹಾಕಿದರು ಎಂಬುದನ್ನು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಬ್ಯಾಟರಿ

ಮೊದಲನೆಯದಕ್ಕೆ ನಾನೊಬ್ಬನೇ ಹೋಗಿದ್ದೆ. ನನ್ನ ಕಾಲೇಜು ದಿನಗಳಿಂದ ಪ್ರಾಣವಾಗಿದ್ದ ಒಂದು ಹಿಂದಿ ರಾಕ್ ಬ್ಯಾಂಡ್ ನೆರೂಳದ ಮೈದಾನಕ್ಕೆ ಬರುತ್ತದೆ ಎಂದು ಗೊತ್ತಾದಾಗ ಆಫೀಸಿಗೆ ಹೊಟ್ಟೆನೋವು ಎಂದು ಹೇಳಿ ಬೇಗ ಹೊರಟೆ. ಬಿಸಿಲಲ್ಲಿ ನಿಂತು ವೇದಿಕೆಯ ಹತ್ತಿರವೇ ಜಾಗ ಹಿಡಿದೆ. ಗಿಟಾರಿನ ಮೊದಲ ಸದ್ದು ಬಂದದ್ದೇ ತಡ, ನನ್ನ ಮುಂದಿದ್ದವರೆಲ್ಲ ಕೈ ಎತ್ತಿದರು. ಪ್ರತಿ ಕೈಯಲ್ಲೂ ಒಂದು ಮೊಬೈಲ್. ವೇದಿಕೆ ಹೋಯಿತು, ಗಾಯಕ ಹೋದ, ಕಂಡದ್ದು ಬರೀ ಮೊಬೈಲುಗಳ ಸಾಲು.

ನನ್ನ ನೇರ ಮುಂದೆ ಆರಡಿ ಎತ್ತರದ ಒಬ್ಬ ಮನುಷ್ಯ ನಿಂತಿದ್ದ. "ಭಾಯಿಸಾಬ್, ಜರಾ ನೀಚೆ ಕರೋ," ಎಂದೆ. ಅವನು ತಿರುಗಿ ಹಿಂದಿಯಲ್ಲಿ ಬಹಳ ಅನುಕಂಪದಿಂದ ಹೇಳಿದ, "ಅಂಕಲ್, ಅಲ್ಲೇನು ನೋಡ್ತೀರಿ? ಇದರಲ್ಲೇ ನೋಡಿ, ಚೆನ್ನಾಗಿ ಕಾಣುತ್ತೆ. ಜೂಮ್ ಮಾಡ್ಲಾ?"

ನನಗೆ ಮೈಯೆಲ್ಲ ಉರಿಯಿತು. ಆದರೆ ಹೇಳಬೇಕಾದ್ದು ಹೇಳಬೇಕು, ನಿಜಕ್ಕೂ ಚೆನ್ನಾಗಿಯೇ ಕಾಣುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ನಾನೇ "ಡ್ರಮ್ಮರ್ ಕೀ ತರಫ್ ಘುಮಾವೋ" ಎಂದು ಅವನಿಗೆ ನಿರ್ದೇಶನ ಕೊಡತೊಡಗಿದ್ದೆ. ನಾನು ಕಾಯುತ್ತಿದ್ದ ಹಾಡು ಶುರುವಾಗುವ ಹೊತ್ತಿಗೆ ಅವನ ಬ್ಯಾಟರಿ ಮುಗಿಯಿತು. "ಸಾರಿ ಅಂಕಲ್, ಶೋ ಖತಮ್," ಎಂದು ಅವನು ಮೊಬೈಲನ್ನು ಜೇಬಿಗೆ ಹಾಕಿದ. ಅಷ್ಟರಲ್ಲಿ ಅವನ ಮುಂದಿದ್ದವನು ತನ್ನ ಹೆಂಡತಿಯನ್ನು ಹೆಗಲ ಮೇಲೆ ಕೂರಿಸಿಕೊಂಡ. ಅವಳ ಕೈಯಲ್ಲಿ ಎರಡು ಮೊಬೈಲ್ ಇದ್ದವು.

ಸನ್ಮಾನ

ಡೊಂಬಿವಲಿಯಲ್ಲಿ ಒಂದು ಕನ್ನಡ ಸಂಘದವರು ಬೆಂಗಳೂರಿನಿಂದ ಬ್ಯಾಂಡ್ ಕರೆಸಿದರು. ಜನಪದ ಹಾಡುಗಳಿಗೆ ಡ್ರಮ್ಸು, ಗಿಟಾರು ಸೇರಿಸಿ ಹಾಡುವ ತಂಡ. ಅವರ ಹಾಡಿನಲ್ಲಿ ಮೈಮರೆತು ಎಷ್ಟೋ ಸಲ ನಾನು ಗಾಡಿ ಬದಲಿಸಬೇಕಾದ ಠಾಣೆಯಲ್ಲಿ ಇಳಿಯದೆ ಮುಲುಂಡ್ ತನಕ ಹೋಗಿದ್ದೇನೆ. ವಾರವಿಡೀ ಮಗಳ ಮುಂದೆ ಅವರನ್ನು ಹೊಗಳಿ ಹೊಗಳಿ, ಅವಳನ್ನೂ ಹೊರಡಿಸಿಕೊಂಡು ಹೋದೆ.

ದೀಪ ಬೆಳಗಿದರು. ಸ್ವಾಗತ ಗೀತೆ ಆಯಿತು, ಸ್ವಾಗತ ಭಾಷಣ ಆಯಿತು. ಪ್ರಾಸ್ತಾವಿಕ ಎಂದು ಇನ್ನೊಬ್ಬರು ಬಂದು ಸ್ವಾಗತ ಭಾಷಣದಲ್ಲಿ ಇದ್ದದ್ದನ್ನೇ ತಿರುಗಿ ಹೇಳಿದರು. ಆಮೇಲೆ ಸನ್ಮಾನ. ಜಾಹೀರಾತು ಕೊಟ್ಟವರಿಗೆ, ಉಪ್ಪಿಟ್ಟು ಮಾಡಿಸಿದವರಿಗೆ, ಹೋದ ವರ್ಷದ ಸನ್ಮಾನಕ್ಕೆ ಬರಲಾಗದೆ ಉಳಿದವರಿಗೆ. ಅವರೆಲ್ಲ ಮುಗಿದ ಮೇಲೆ ಬ್ಯಾಂಡಿನವರನ್ನು ಕುರ್ಚಿಗಳಲ್ಲಿ ಸಾಲಾಗಿ ಕೂರಿಸಿ, ಒಬ್ಬೊಬ್ಬರಿಗೂ ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ. ಪ್ರತಿಯೊಬ್ಬರ ಬಗ್ಗೆ ಎರಡು ಮಾತು. ಆ ಎರಡು ಮಾತಾಡುವವರಿಗೂ ಒಂದೊಂದು ಶಾಲು.

ಮಗಳು ನನ್ನ ತೋಳು ತಟ್ಟಿ, "ಬಾಬಾ, ಬ್ಯಾಂಡ್ ಕೇವ್ಹಾ ಯೇಣಾರ್?" ಎಂದು ಕೇಳಿದಳು.

"ಆಗಲೇ ಬಂದಿದೆ ಕಣೇ. ಆ ಪೇಟಗಳ ಕೆಳಗೆ ಇದೆ," ಎಂದೆ.

ಅಂತೂ ಹಾಡು ಶುರುವಾಯಿತು. ಪೇಟ ತೆಗೆದರೆ ಸಂಘಕ್ಕೆ ಬೇಸರವಾಗುತ್ತದೆ ಎಂದು ಯಾರೋ ಹೇಳಿದ್ದರಂತೆ. ಡ್ರಮ್ಸಿನವನು ಒಂದು ಕೈಯಲ್ಲಿ ಬಾರಿಸುತ್ತಾ ಇನ್ನೊಂದು ಕೈಯಲ್ಲಿ ಕಣ್ಣಿಗೆ ಜಾರುವ ಪೇಟವನ್ನು ಮೇಲೆ ತಳ್ಳುತ್ತಿದ್ದ. ಎರಡನೆಯ ಹಾಡು ಅರ್ಧಕ್ಕೆ ಬಂದಿರಬೇಕು, ಅದೇ ಹಾಲ್‌ನಲ್ಲಿ ಮುಂದಿನ ಕಾರ್ಯಕ್ರಮವಿದ್ದ ಮರಾಠಿ ನಾಟಕದವರು ತಮ್ಮ ಸೋಫಾ ಹೊತ್ತು ವೇದಿಕೆಗೆ ಬಂದೇಬಿಟ್ಟರು. ತಪ್ಪು ಅವರದಲ್ಲ, ಅವರ ಸಮಯ ಆಗಿತ್ತು. ಗಿಟಾರಿನವನು ಪಕ್ಕಕ್ಕೆ ಸರಿದು ಜಾಗ ಕೊಟ್ಟ. ಹಾಡು ಮುಗಿಯುವಷ್ಟರಲ್ಲಿ ಸುಸ್ತಾಗಿ ಆ ಸೋಫಾದ ಮೇಲೆಯೇ ಕೂತ.

ನಾನು ಕೆಂಡವಾಗಿ ಹೋಗಿ ಬಾಗಿಲಲ್ಲಿ ಕೈಮುಗಿಯುತ್ತಾ ನಿಂತಿದ್ದ ಕಾರ್ಯದರ್ಶಿಗಳನ್ನು ಹಿಡಿದೆ. "ಏನ್ ಸರ್ ಇದು? ಇಷ್ಟು ಹೊತ್ತಿನ ಕಾರ್ಯಕ್ರಮದಲ್ಲಿ ಎರಡೇ ಎರಡು ಹಾಡಾ?"

ಅವರು ನನ್ನ ಕೈ ಹಿಡಿದು ಮೆತ್ತಗೆ ಹೇಳಿದರು, "ನಿಜ ಸರ್, ನಂಗೂ ಅದೇ ಅನ್ನಿಸ್ತು. ಎರಡನೇದು ಬೇಕಿರ್ಲಿಲ್ಲ."

ಟೋಕನ್

ಠಾಣೆಯ ಒಂದು ಮಾಲ್‌ನಲ್ಲಿ ತಿಂಡಿ ಅಂಗಡಿಗಳ ನಡುವೆಯೇ ವೇದಿಕೆ. ಬಂದದ್ದು ಬಹಳ ಮೃದುವಾಗಿ ಹಾಡುವ ಒಂದು ಜೋಡಿ. ಇಯರ್‌ಫೋನಿನಲ್ಲಿ ಅವರ ಉಸಿರೂ ಕೇಳಿಸುತ್ತದೆ, ನನಗೆ ಅದೇ ಇಷ್ಟ. ಇಲ್ಲಿ ಹಾಡಿಗೂ ತಿಂಡಿಯ ಟೋಕನ್ ಕೂಗುವುದಕ್ಕೂ ಒಂದೇ ಸ್ಪೀಕರ್ ಇಟ್ಟಿದ್ದರು. ಗಾಯಕಿ ಕಣ್ಣು ಮುಚ್ಚಿ ಅಗಲಿಕೆಯ ಸಾಲು ಎತ್ತಿಕೊಂಡರೆ ನಡುವೆ "ಟೋಕನ್ ನಂಬರ್ ತೀಸ್, ಪನೀರ್ ರೋಲ್ ರೆಡಿ." ಅವಳು ತಾಳಿಕೊಂಡು ಮುಂದಿನ ಸಾಲಿಗೆ ಹೋದರೆ "ಟೋಕನ್ ನಂಬರ್ ಇಕತ್ತೀಸ್." ಇದನ್ನು ಯಾರೂ ಅಪಚಾರ ಎಂದುಕೊಂಡಂತೆ ಕಾಣಲಿಲ್ಲ. ನನ್ನ ರಕ್ತ ಕುದಿಯುತ್ತಿತ್ತು.

ಕೊನೆಗೆ ಗಾಯಕಿ ನಗುವನ್ನು ಬಲವಂತವಾಗಿ ತಂದುಕೊಂಡು, "ನಿಮ್ಮದೇನಾದರೂ ಫರ್ಮಾಯಿಶ್ ಇದೆಯಾ?" ಎಂದು ಕೇಳಿದಳು. ನನ್ನ ಮೆಚ್ಚಿನ ಹಾಡು ಹೇಳಬೇಕೆಂದು ನಾನು ಏಳುವಷ್ಟರಲ್ಲಿ ಪಕ್ಕದ ಮೇಜಿನ ಗೃಹಸ್ಥರು ಕೈ ಎತ್ತಿದರು. "ಮೇಡಂ, ಹಮಾರಾ ಬತ್ತೀಸ್ ನಂಬರ್ ಕಬ್ ಆಯೇಗಾ?"

ಇನ್ನೂ ಅನ್ಯಾಯವೆಂದರೆ ಎಲ್ಲರೂ ಅವರಿಗೇ ಚಪ್ಪಾಳೆ ತಟ್ಟಿದರು.

ಹಾಡ್

ಇದಾದ ಮೇಲೆ, ಇನ್ನು ಯಾವ ಬ್ಯಾಂಡ್ ನೋಡಲೂ ಹೋಗುವುದಿಲ್ಲ ಎಂದು ನಾನು ಮನೆಯಲ್ಲಿ ಶಪಥ ಮಾಡಿದ್ದೆ. ಅದನ್ನು ಮುರಿಸಿದವಳು ಮಗಳೇ.

ನಾಲ್ಕು ಮರಾಠಿ ಯುವಕರ ಒಂದು ಬ್ಯಾಂಡ್ ಇದೆ. ಅವರದು ಒಂದೇ ಒಂದು ಕನ್ನಡ ಹಾಡು. ಗಾಯಕನ ಅಜ್ಜಿಯ ಊರು ಬೆಳಗಾವಿಯ ಕಡೆಯಂತೆ, ಅವರ ನೆನಪಿಗೆ ದೇವನಾಗರಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿ ಹಾಡಿದ್ದ. ಅದು ಮಗಳ ಕಿವಿಗೆ ಬಿತ್ತು. ಸ್ನಾನದ ಮನೆಯಿಂದ ನನ್ನ ಮಗಳ ಗಂಟಲಲ್ಲಿ ಕನ್ನಡ ಕೇಳಿಸಿದ ದಿನ ನಾನು ಟವೆಲ್ ಹಿಡಿದುಕೊಂಡು ಹೊರಗೇ ನಿಂತುಬಿಟ್ಟೆ. ಸಂತೋಷಕ್ಕೆ ಆಫೀಸಿಗೆ ತಡವಾಯಿತು. ಆ ಬ್ಯಾಂಡ್ ಭಾನುವಾರ ಮಧ್ಯಾಹ್ನ ಕಲ್ಯಾಣಕ್ಕೆ ಬರುತ್ತದೆ ಎಂದು ಅವಳೇ ಬಂದು ಹೇಳಿದಾಗ ಶಪಥ ಎಲ್ಲಿ ಉಳಿಯುತ್ತದೆ? ಆ ಹಾಡನ್ನು ಅವಳ ಪಕ್ಕದಲ್ಲಿ ಕೂತು ಒಮ್ಮೆ ಕೇಳಿದರೆ ಸಾಕು ಎಂದು ಹೊರಟೆ.

ಹಾಲ್ ತುಂಬಿತ್ತು. ಮುಂದಿನ ಸಾಲಿನಲ್ಲಿ ಸ್ಥಳೀಯ ಮರಾಠಿ ಪುಢಾರಿ ಸಾಹೇಬರು, ಅವರ ಸುತ್ತ ಅವರ ಮಂದಿ. ಕಾರ್ಯಕ್ರಮದ ಖರ್ಚೆಲ್ಲ ಅವರದೇ. ಹಿಂದಿನ ಸಾಲುಗಳಲ್ಲಿ ಕಲ್ಯಾಣದ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುವ ವಿಜಯಪುರ, ಕಲಬುರಗಿ ಕಡೆಯ ಜನ, ರಜೆಯ ದಿನದ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದರು. ಆ ಕನ್ನಡ ಹಾಡು ಅವರ ಮೊಬೈಲಿನಲ್ಲೆಲ್ಲ ಇತ್ತು. ನಾವಿಬ್ಬರೂ ಅವರ ನಡುವೆಯೇ ಕೂತೆವು.

ಮರಾಠಿ ಹಾಡುಗಳಾದವು, ಹಿಂದಿ ಹಾಡುಗಳಾದವು. ಕನ್ನಡದ್ದು ಬರಲಿಲ್ಲ. ನನ್ನ ಪಕ್ಕದ ವಿಜಯಪುರದವರು ತಡೆಯಲಾರದೆ ಚಪ್ಪಾಳೆ ತಟ್ಟಿ "ನಮ್ಮ ಹಾಡ್! ನಮ್ಮ ಹಾಡ್!" ಎಂದರು. ಹಿಂದಿನವರು ಸೇರಿಕೊಂಡರು. ಜೋರಾಗುತ್ತಾ ಹೋದಂತೆ 'ನಮ್ಮ' ಉದುರಿಹೋಗಿ "ಹಾಡ್, ಹಾಡ್, ಹಾಡ್" ಮಾತ್ರ ಉಳಿಯಿತು. ಮೈಸೂರಿನವನಾದ ನಾನು "ಹಾಡಿ" ಎನ್ನಬೇಕಾದವನು, ಆ ಹುಮ್ಮಸ್ಸಿಗೆ ನಾನೂ "ಹಾಡ್" ಎಂದೆ.

ವೇದಿಕೆಯ ಮೇಲೆ ಗಾಯಕನ ಮುಖ ಸಣ್ಣಗಾಯಿತು. ಇನ್ನೊಂದು ಮರಾಠಿ ಹಾಡು ಎತ್ತಿಕೊಂಡ. ನಾವು ಇನ್ನೂ ಜೋರು ಮಾಡಿದೆವು. ಅವನು ಗಿಟಾರ್ ಕೆಳಗಿಟ್ಟು, ಮೈಕಿನಲ್ಲಿ "ಆಮ್ಹಿ ಕಾಯ್ ಕುತ್ರೇ ಆಹೋತ್ ಕಾ?" ಎಂದ. ನಾವೇನು ನಾಯಿಗಳಾ ಎಂದು ಕೇಳಿ, ಬ್ಯಾಂಡನ್ನೆಲ್ಲ ಕರೆದುಕೊಂಡು ಒಳಗೆ ಹೋದ.

"ಎಲ್ಲಿ ಹ್ವಾದ?" ಎಂದರು ಹಿಂದಿನವರು.

"ನಮ್ಮ ಹಾಡಿಗಿ ಡೊಳ್ಳು ಬೇಕಲ್ಲೋ, ತರಾಕ ಹೋಗ್ಯಾನ," ಎಂದರು ಪಕ್ಕದವರು.

ಮಗಳು ತಲೆ ಚಚ್ಚಿಕೊಂಡಳು. "ಬಾಬಾ, 'ಹಾಡ್ ಹಾಡ್' ಅಸಂ ಕುತ್ರ್ಯಾಲಾ ಮ್ಹಣತಾತ್." ಆಗ ನನ್ನ ತಲೆಗೆ ಹೊಳೆಯಿತು. ಇಲ್ಲಿಯವರು ಬೀದಿನಾಯಿ ಓಡಿಸುವುದು ಹಾಗೆ ಹೇಳಿಯೇ. ನಾವು ಹಚಾ ಎನ್ನುವ ಕಡೆ ಅವರು ಹಾಡ್ ಎನ್ನುತ್ತಾರೆ. ನಮ್ಮ ಬಿಲ್ಡಿಂಗಿನ ವಾಚ್‌ಮನ್ ದಿನಾ ಬೆಳಿಗ್ಗೆ ಕೂಗುವುದನ್ನು ಕೇಳಿಕೊಂಡೇ ನಾನು ಚಹಾ ಕುಡಿಯುತ್ತೇನೆ.

ಇಬ್ಬರೂ ಒಳಗೆ ಓಡಿದೆವು. ಮಗಳು ಮರಾಠಿಯಲ್ಲಿ ಅವನಿಗೆ ಬಿಡಿಸಿ ಹೇಳಿದಳು. ಕನ್ನಡದಲ್ಲಿ ಹಾಡ್ ಎಂದರೆ ಗೀತೆ, ಹಾಡ್ ಎಂದರೆ ಹಾಡು ಮಾರಾಯಾ ಎಂದು. ಅವನಿಗೆ ನಂಬಿಕೆ ಬರಲಿಲ್ಲ. ಅವನಿಗೆ ಗೊತ್ತಿದ್ದ ಕನ್ನಡವೆಲ್ಲ ಆ ಒಂದು ಹಾಡಿನದು. ಅದರಲ್ಲಿ ಬೆಟ್ಟ ಇತ್ತು, ಹೊಳೆ ಇತ್ತು, ಹಾಡು ಎಂಬ ಶಬ್ದ ಇರಲಿಲ್ಲ. ನಾನು ಕೈಮುಗಿದೆ. ಕೊನೆಗೆ ಅವನು ನಕ್ಕು, "ಹಾಡ್ ಮ್ಹಣಜೇ ಗಾಣಂ" ಎಂದು ಎರಡು ಸಲ ಗಟ್ಟಿ ಮಾಡಿಕೊಂಡು ವೇದಿಕೆಗೆ ಬಂದ. ಹಾಲ್ ಕಿತ್ತುಹೋಗುವಂತೆ ಶಿಳ್ಳೆ ಬಿತ್ತು. ನಾನು ಓಡಿ ಬಂದು ಕೂತೆ. ಮಗಳು ನನ್ನ ಕೈ ಹಿಡಿದುಕೊಂಡಳು. ಕೀಬೋರ್ಡಿನವನು ಆ ಕನ್ನಡ ಹಾಡಿನ ಆರಂಭ ನುಡಿಸಿದ.

ಸುಮ್ಮನೆ ಹಾಡಿದ್ದರೆ ಆಗುತ್ತಿತ್ತು. ಆದರೆ ಅವನಿಗೆ ಹೊಸ ಶಬ್ದ ಸಿಕ್ಕಿತ್ತಲ್ಲ. ಎಲ್ಲರನ್ನೂ ಸೇರಿಸಿಕೊಂಡು ಹಾಡೋಣ ಎಂಬ ಉತ್ಸಾಹದಲ್ಲಿ ವೇದಿಕೆಯ ಅಂಚಿಗೆ ಬಂದು, ಬಗ್ಗಿ, ಮೈಕನ್ನು ಪುಢಾರಿ ಸಾಹೇಬರ ಮುಖದ ಹತ್ತಿರ ಹಿಡಿದು, "ಸಾಹೇಬ್, ಹಾಡ್! ಹಾಡ್!" ಎಂದ.

ಸಾಹೇಬರು ಎದ್ದರು. ಅವರ ಮಂದಿ ಎದ್ದರು.

"ಸಾಹೇಬ್ರ ಹಾಡ್ತಾರೋ," ಎಂದು ನಮ್ಮ ಸಾಲಿನವರು ಎದ್ದು ನಿಂತು ಚಪ್ಪಾಳೆ ತಟ್ಟಿ, "ಹಾಡ್, ಹಾಡ್" ಎಂದು ಅವರನ್ನು ಹುರಿದುಂಬಿಸಿದರು. ಸಾಹೇಬರು ನಮ್ಮ ಕಡೆ ತಿರುಗಿ ಒಮ್ಮೆ ನೋಡಿ ಬಾಗಿಲ ಕಡೆ ನಡೆದರು. ಹೋಗುತ್ತಾ ಅವರ ಕಡೆಯವನೊಬ್ಬ ಮೇನ್ ಸ್ವಿಚ್ ಆರಿಸಿದ. ನಾಲ್ಕು ಸ್ವರ ನುಡಿದಿದ್ದ ಕೀಬೋರ್ಡು ಅಲ್ಲಿಗೇ ನಿಂತಿತು.

ಕಲ್ಯಾಣ ಸ್ಟೇಷನ್ನಿನಲ್ಲಿ ನಾನು ವಡಾಪಾವ್ ಹಿಡಿದುಕೊಂಡು ಕೂಗಾಡುತ್ತಿದ್ದೆ. ನಮ್ಮ ಭಾಷೆಯಲ್ಲಿ ಹಾಡು ಎನ್ನುವುದು ಬೈಗುಳವಾಗುವ ಊರಿನಲ್ಲಿ ನಾನು ಯಾಕೆ ಮನೆ ಮಾಡಿದೆ, ಜನ್ಮದಲ್ಲಿ ಇನ್ನು ಯಾವ ಬ್ಯಾಂಡಿನ ಮುಖವನ್ನೂ ನೋಡುವುದಿಲ್ಲ ಎಂದೆ. ನಿಜವಾಗಿ ಅಳು ಬರುವ ಹಾಗಿತ್ತು. ಮಗಳು ಪಕ್ಕದಲ್ಲಿ ಕೂತು ತನ್ನ ವಡಾಪಾವ್‌ನ ಕಾಗದ ಬಿಚ್ಚುತ್ತಿದ್ದಳು. ಅಷ್ಟರಲ್ಲಿ ಪ್ಲಾಟ್‌ಫಾರ್ಮಿನ ಒಂದು ಕಂದು ನಾಯಿ ಬಂದು ನನ್ನ ವಡಾಪಾವ್‌ಗೆ ಮೂತಿ ಹಾಕಿತು. ಇಷ್ಟು ವರ್ಷ ಇಲ್ಲಿದ್ದ ಅಭ್ಯಾಸಬಲ, ಸಿಟ್ಟಿನಲ್ಲಿ ನನ್ನ ಬಾಯಿಂದಲೂ ಅದೇ ಬಂತು.

"ಹಾಡ್! ಹಾಡ್!"

ಆಚೆ ಹಳಿಯಲ್ಲಿ ಮೇಲ್ ಗಾಡಿ ಹಾರ್ನ್ ಹೊಡೆದದ್ದಕ್ಕೋ ಏನೋ, ನಾಯಿ ಅಲ್ಲಿಯೇ ಕೂತು, ಮೂತಿಯನ್ನು ಮೇಲಕ್ಕೆತ್ತಿ, ಕಣ್ಣು ಮುಚ್ಚಿ, ಉದ್ದಕ್ಕೆ ರಾಗ ಎಳೆಯಿತು. ಪ್ಲಾಟ್‌ಫಾರ್ಮಿನವರೆಲ್ಲ ತಿರುಗಿ ನೋಡಿದರು. ನಡುವೆ ನಿಲ್ಲಿಸಲಿಲ್ಲ, ಪೂರ್ತಿ ಮುಗಿಸಿಯೇ ಬಾಯಿ ಮುಚ್ಚಿತು.

ಮಗಳು ತನ್ನ ವಡಾಪಾವ್‌ನಲ್ಲಿ ಅರ್ಧ ಮುರಿದು ಅದರ ಮುಂದಿಟ್ಟಳು. ಆಮೇಲೆ, ಅವಳು ಹುಟ್ಟಿದ ಲಾಗಾಯ್ತು ನಾನು ಕಾದಿದ್ದ ಕನ್ನಡದಲ್ಲಿ, ಒಂದು ಅಕ್ಷರವೂ ತಪ್ಪದೆ ಹೇಳಿದಳು.

"ನೋಡಪ್ಪಾ, ಹಾಡು ಅಂದ ತಕ್ಷಣ ಹಾಡಿದ್ದು ಇದೊಂದೇ."